ನಡಿಗೆ, ನಡತೆ, ದಾರಿ

ಒಬ್ಬರ ಗುಣ ಎಂಥದು ಎಂದು ತಿಳಿಯಬೇಕಾದಾಗ ಕನ್ನಡದಲ್ಲಿ ನಾವು ‘ನಡತೆ ಹೇಗಿದೆ?’ ಎಂದು ಕೇಳುತ್ತೇವೆ. ಉರ್ದುವಿನಲ್ಲಿ ಇದೇ ಮಾತಿಗೆ ‘ಚಾಲ್ ಚಲನ್’ ಎನ್ನುತ್ತಾರೆ. ಎರಡೂ ಬೇರೆ ಬೇರೆ ಮನೆತನದ ಭಾಷೆಗಳು. ಆದರೆ ಮನುಷ್ಯನ ಚಾರಿತ್ರ್ಯವನ್ನು ಅವನ ಕಾಲಿನಿಂದ ಅಳೆಯುವುದರಲ್ಲಿ ಎರಡೂ ಒಂದೇ. ಗಂಡಸಿನ ಮಟ್ಟಿಗೆ ಇದು ಬರೀ ನುಡಿಗಟ್ಟಾಗಿ ಉಳಿದಿದೆ. ಹೆಣ್ಣಿನ ಮಟ್ಟಿಗೆ ಅದೇ ಅಳತೆಗೋಲಾಗಿದೆ. ಜೋರಾಗಿ ನಡೆದರೆ ಗಂಡುಬೀರಿ, ನಿಧಾನವಾಗಿ ನಡೆದರೆ ಒಯ್ಯಾರಿ, ಒಬ್ಬಳೇ ನಡೆದರೆ ಹೇಳುವುದೇ ಬೇಡ. ಇಂಥ ಲೋಕದಲ್ಲಿ ನಡಿಗೆಯನ್ನೇ ಆಟವನ್ನಾಗಿ ಮಾಡಿಕೊಂಡು, ನಡುಬೀದಿಯಲ್ಲಿ, ಸಾವಿರಾರು ಮಂದಿಯ ಮುಂದೆ ನಡೆದು ಗೆದ್ದ ಹೆಣ್ಣುಮಕ್ಕಳ ಚರಿತ್ರೆಯೊಂದಿದೆ. ಅದರಲ್ಲಿ ಜಪಾನಿನ ಅಧ್ಯಾಯ ನಮ್ಮಂಥವರು ಓದಲೇಬೇಕಾದದ್ದು.

2025ರ ಸೆಪ್ಟೆಂಬರ್ 20ರಂದು ಟೋಕಿಯೊದಲ್ಲಿ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ಪಿನ ಮಹಿಳೆಯರ 20 ಕಿಲೋಮೀಟರ್ ನಡಿಗೆ ನಡೆಯಿತು. ಸ್ಪೇನಿನ ಮಾರಿಯಾ ಪೆರೆಸ್ ಮೊದಲು ಬಂದಳು. ಮೆಕ್ಸಿಕೋದ ಅಲೆಗ್ನಾ ಗೊನ್ಸಾಲೆಸ್ ಎರಡನೆಯವಳು. ಮೂರನೆಯವಳಾಗಿ ಬಂದವಳು ಆ ನೆಲದವಳೇ ಆದ ನನಾಕೊ ಫುಜೀ. ಅವಳು ತೆಗೆದುಕೊಂಡ ಸಮಯ 1 ಗಂಟೆ 26 ನಿಮಿಷ 18 ಸೆಕೆಂಡು. ನಾಲ್ಕನೆಯವಳಾದ ಈಕ್ವೆಡಾರಿನ ಪೌಲಾ ಟೊರೆಸಳ ಲೆಕ್ಕದಲ್ಲೂ ಬರೆದದ್ದು ಅಷ್ಟೇ ಸಮಯ. ಸೆಕೆಂಡಿನ ಒಂದು ಚೂರಿನಲ್ಲಿ ಕಂಚಿನ ಪದಕ ಫುಜೀಗೆ ದಕ್ಕಿತು. ವಿಶ್ವ ಚಾಂಪಿಯನ್‌ಷಿಪ್ಪಿನ ನಡಿಗೆಯಲ್ಲಿ ಜಪಾನಿನ ಹೆಣ್ಣೊಬ್ಬಳು ಪದಕ ಪಡೆದದ್ದು ಅದೇ ಮೊದಲು.

ಈ ಅಂಕಿಯ ಅರ್ಥ ತಿಳಿಯಲು ನಮ್ಮ ಕಡೆಯ ಒಂದು ದಾರಿಯನ್ನು ತೆಗೆದುಕೊಳ್ಳೋಣ. ಬೆಳಗಾವಿಯ ಉದ್ಯಮಬಾಗದಿಂದ ಖಾನಾಪುರದ ಕಡೆಗೆ ಹೊರಟರೆ ಪೀರನವಾಡಿ, ಮಚ್ಛೆ, ದೇಸೂರು, ಗಣೇಬೈಲು ದಾಟಿ ಖಾನಾಪುರ ಸೇರಬೇಕು. ಹೆಚ್ಚುಕಡಿಮೆ 20 ಕಿಲೋಮೀಟರ್. ಉದ್ಯಮಬಾಗದ ಫೌಂಡ್ರಿಗಳಲ್ಲಿ, ಯಂತ್ರದ ಬಿಡಿಭಾಗ ಮಾಡುವ ಕಾರಖಾನೆಗಳಲ್ಲಿ ದುಡಿಯುವವರಿಗೆ ಇದು ದಿನದಿನದ ದಾರಿ. ಬಸ್ಸು ಅಲ್ಲಲ್ಲಿ ನಿಲ್ಲುತ್ತ ಹೋದರೆ ಮುಕ್ಕಾಲು ಗಂಟೆ ಹಿಡಿದೀತು. ಸಾಧಾರಣ ನಡಿಗೆಯವರು ನಡೆದರೆ ನಾಲ್ಕು ಗಂಟೆ ಬೇಕು. ಫುಜೀ ಈ ದಾರಿಯನ್ನು ಓಡದೆ, ಒಮ್ಮೆಯೂ ಓಡದೆ, ಒಂದೂವರೆ ಗಂಟೆಯೊಳಗೆ ಮುಗಿಸಿಬಿಡುತ್ತಾಳೆ. ಒಂದು ಕಿಲೋಮೀಟರಿಗೆ ಸುಮಾರು 4 ನಿಮಿಷ 19 ಸೆಕೆಂಡು. ನಮ್ಮಲ್ಲಿ ಗಟ್ಟಿಮುಟ್ಟಾದ ತರುಣರೂ ಈ ವೇಗದಲ್ಲಿ ಮೂರು ಕಿಲೋಮೀಟರ್ ಓಡಿದರೆ ಏದುಸಿರು ಬಿಡುತ್ತಾರೆ.

ಓಡಬಾರದು ಎಂಬ ಕಟ್ಟಳೆ

ನಡಿಗೆಯನ್ನೂ ಒಂದು ಆಟವೆನ್ನುತ್ತಾರೆಯೇ ಎಂದು ನಗುವವರಿಗೆ ಅದರ ನಿಯಮ ಹೇಳಬೇಕು. ನಿಯಮಗಳು ಎರಡೇ. ಒಂದು, ಯಾವ ಕ್ಷಣದಲ್ಲೂ ಎರಡೂ ಪಾದಗಳು ನೆಲದಿಂದ ಎದ್ದಿರುವುದು ಬರಿಗಣ್ಣಿಗೆ ಕಾಣಬಾರದು. ಎರಡು, ಮುಂದಿಟ್ಟ ಕಾಲು ನೆಲಕ್ಕೆ ತಾಗಿದ ಗಳಿಗೆಯಿಂದ ಮೈ ಅದರ ಮೇಲೆ ನೇರವಾಗಿ ಬರುವವರೆಗೂ ಮಂಡಿ ಮಡಚಬಾರದು. ಮಂಡಿ ಮಡಚದೆ ವೇಗ ಹೆಚ್ಚಿಸಬೇಕಾದರೆ ಸೊಂಟ ತಿರುಗಲೇಬೇಕು. ನೋಡುವವರಿಗೆ ವಿಚಿತ್ರವಾಗಿ ಕಾಣುವ ಆ ಸೊಂಟದ ತಿರುವು ಒಯ್ಯಾರವಲ್ಲ, ನಿಯಮದ ಫಲ.

ದಾರಿಯುದ್ದಕ್ಕೂ ತೀರ್ಪುಗಾರರು ನಿಂತಿರುತ್ತಾರೆ. ತಪ್ಪಿನ ಅನುಮಾನ ಬಂದರೆ ಹಳದಿ ಹಲಗೆ ತೋರಿಸಿ ಎಚ್ಚರಿಸುತ್ತಾರೆ. ಖಚಿತವಾದರೆ ಕೆಂಪು ಚೀಟಿ ಕಳಿಸುತ್ತಾರೆ. ಹಿಂದೆ ಬೇರೆ ಬೇರೆ ತೀರ್ಪುಗಾರರಿಂದ ಮೂರು ಕೆಂಪು ಚೀಟಿ ಬಂದರೆ ಸ್ಪರ್ಧೆಯಿಂದಲೇ ಹೊರಕ್ಕೆ. ಈಗಿನ ಪದ್ಧತಿಯಲ್ಲಿ ಮೂರು ಬಂದರೆ 20 ಕಿಲೋಮೀಟರ್ ಸ್ಪರ್ಧೆಯಲ್ಲಿ ಎರಡು ನಿಮಿಷ ದಂಡದ ಕಟ್ಟೆಯೊಳಗೆ ನಿಲ್ಲಬೇಕು, ನಾಲ್ಕನೆಯದಕ್ಕೆ ಹೊರಕ್ಕೆ. ಫುಜೀ ಕಂಚು ಗೆದ್ದ ದಿನವೇ ಅದೇ ಬೀದಿಯಲ್ಲಿ ಪುರುಷರ ಸ್ಪರ್ಧೆಯೂ ಇತ್ತು. ವಿಶ್ವದಾಖಲೆ ಹೊಂದಿದ್ದ ಜಪಾನಿನ ತೊಶಿಕಾಝು ಯಾಮಾನಿಶಿ ಹೀಗೆ ದಂಡಕ್ಕೆ ಗುರಿಯಾಗಿ 28ನೆಯವನಾದ. ಎಲ್ಲ ಆಟಗಳಲ್ಲೂ ಗೆಲ್ಲುವವರು ಮಿತಿ ಮೀರಿ ಗೆಲ್ಲುತ್ತಾರೆ. ನಡಿಗೆಯಲ್ಲಿ ಮಿತಿಯೊಳಗೆ ಇದ್ದುಕೊಂಡೇ ಗೆಲ್ಲಬೇಕು. ಅದಕ್ಕೇ ಇದು ಕಾಲಿನ ಆಟವಾದಷ್ಟೇ ತಾಳ್ಮೆಯ ಆಟ.

2000ದ ಸಿಡ್ನಿ ಒಲಿಂಪಿಕ್ಸನ್ನು ನೆನಪಿಡುವವರು ಈ ತಾಳ್ಮೆಯ ಬೆಲೆಯನ್ನೂ ಬಲ್ಲರು. ಆತಿಥೇಯ ಆಸ್ಟ್ರೇಲಿಯಾದ ಜೇನ್ ಸ್ಯಾವಿಲ್ ಎಲ್ಲರಿಗಿಂತ ಮುಂದೆ, ತುಂಬಿದ ಕ್ರೀಡಾಂಗಣದ ಬಾಗಿಲಿಗೆ ಬಂದಿದ್ದಳು. ಒಳಗೆ ಕಾಲಿಡುವ ಹೊತ್ತಿಗೆ ಕೆಂಪು ಹಲಗೆ ಎದ್ದಿತು. ಚೀನಾದ ವಾಂಗ್ ಲಿಪಿಂಗ್ ಗೆದ್ದಳು. ಅದೇ ಸ್ಯಾವಿಲ್ ಮತ್ತೆ ನಾಲ್ಕು ವರ್ಷ ನಡೆದು, 2004ರ ಅಥೆನ್ಸಿನಲ್ಲಿ ಕಂಚು ಪಡೆದಳು.

ಎಂಟುನೂರು ಮೀಟರಿನ ಭಯ

ಆದರೆ ಹೆಣ್ಣಿಗೆ ಈ ಸ್ಪರ್ಧೆಯ ಬಾಗಿಲು ತೆರೆದದ್ದೇ ತೀರ ಈಚೆಗೆ. ಗಂಡಸರ ನಡಿಗೆ ಒಲಿಂಪಿಕ್ಸಿಗೆ 1908ರಲ್ಲೇ ಬಂದಿತ್ತು. 1932ರಿಂದ ಅವರಿಗೆ 50 ಕಿಲೋಮೀಟರ್ ನಡಿಗೆಯೂ ಇತ್ತು. ಹೆಣ್ಣಿಗೆ ಮಾತ್ರ ದೂರ ಎಂಬುದೇ ನಿಷಿದ್ಧವಾಗಿತ್ತು. ಆ ನಿಷೇಧದ ಕತೆಯಲ್ಲೂ ಒಬ್ಬ ಜಪಾನೀ ಹೆಣ್ಣುಮಗಳಿದ್ದಾಳೆ.

ಅವಳ ಹೆಸರು ಕಿನುಯೆ ಹಿತೊಮಿ. ಓಕಾಯಾಮಾ ಸೀಮೆಯವಳು, 1907ರಲ್ಲಿ ಹುಟ್ಟಿದವಳು, ಒಸಾಕಾದ ‘ಮೈನಿಚಿ’ ಪತ್ರಿಕೆಯಲ್ಲಿ ನೌಕರಿ ಮಾಡುತ್ತಿದ್ದವಳು. 1926ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಮಹಿಳೆಯರ ವಿಶ್ವಕೂಟ ನಡೆದಾಗ ಜಪಾನಿನಿಂದ ಹೋದವಳು ಅವಳೊಬ್ಬಳೇ. ಹೋಗಿ, ಉದ್ದಜಿಗಿತ ಗೆದ್ದು, ಇಡೀ ಕೂಟದ ಶ್ರೇಷ್ಠ ಆಟಗಾರ್ತಿಯಾಗಿ ಬಂದಳು. 1928ರಲ್ಲಿ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಮಹಿಳೆಯರಿಗೆ ಟ್ರ್ಯಾಕ್ ಸ್ಪರ್ಧೆಗಳು ದೊರೆತವು. ನಂಬಿಕೊಂಡಿದ್ದ 100 ಮೀಟರಿನಲ್ಲಿ ಹಿತೊಮಿ ಸೋತಳು. ಬರಿಗೈಲಿ ಊರಿಗೆ ಹೋಗಲಾರೆನೆಂದು 800 ಮೀಟರಿಗೆ ನಿಂತಳು. ಆಗಸ್ಟ್ 2ರಂದು ಜರ್ಮನಿಯ ಲೀನಾ ರಾಡ್ಕೆಯ ಹಿಂದೆ ಎರಡನೆಯವಳಾಗಿ ಬೆಳ್ಳಿ ಗೆದ್ದಳು. ಒಲಿಂಪಿಕ್ ಪದಕ ಪಡೆದ ಮೊದಲ ಜಪಾನೀ ಹೆಣ್ಣು ಅವಳೇ.

ಆ ಓಟದ ಕೊನೆಯಲ್ಲಿ ದಣಿದ ಕೆಲವು ಹೆಣ್ಣುಮಕ್ಕಳು ನೆಲಕ್ಕೆ ಒರಗಿದರು. ಗಂಡಸರು ಓಡಿ ದಣಿದರೆ ಅದು ಪರಾಕ್ರಮ, ಹೆಂಗಸರು ದಣಿದರೆ ಅದು ಅನಾಹುತ. ಪತ್ರಿಕೆಗಳು ಹೆಣ್ಣುಮಕ್ಕಳು ರಾಶಿರಾಶಿಯಾಗಿ ಬಿದ್ದರೆಂದು ಬರೆದವು. ಅಂತಿಮ ಸುತ್ತಿನಲ್ಲಿದ್ದ ಒಂಬತ್ತು ಮಂದಿಯೂ ಓಟ ಮುಗಿಸಿದ್ದರೆಂಬ ಸತ್ಯ ಆ ಗದ್ದಲದಲ್ಲಿ ಮುಳುಗಿತು. ಪರಿಣಾಮವಾಗಿ ಮಹಿಳೆಯರ 800 ಮೀಟರ್ ಓಟವನ್ನು ಒಲಿಂಪಿಕ್ಸಿನಿಂದಲೇ ತೆಗೆದುಹಾಕಿದರು. ಅದು ಮರಳಿದ್ದು 1960ರಲ್ಲಿ, ರೋಮಿನಲ್ಲಿ. ಮೂವತ್ತೆರಡು ವರ್ಷ ಜಗತ್ತಿನ ಹೆಣ್ಣುಮಕ್ಕಳ ಪಾಲಿಗೆ ಅರ್ಧ ಮೈಲಿ ಎಂಬುದು ದಾಟಲಾರದ ದೂರವಾಗಿತ್ತು! ಇದೇ ಕಾಲದಲ್ಲಿ ಲೋಕದ ಎಲ್ಲ ಹಳ್ಳಿಗಳಲ್ಲೂ ಹೆಂಗಸರು ತಲೆಯ ಮೇಲೆ ಕೊಡ, ಕಟ್ಟಿಗೆಯ ಹೊರೆ ಹೊತ್ತು ದಿನಕ್ಕೆ ಅದರ ಹತ್ತರಷ್ಟು ನಡೆಯುತ್ತಿದ್ದರು. ಅದನ್ನು ಕಂಡು ಯಾವ ವೈದ್ಯರೂ ಗಾಬರಿಯಾದಂತಿಲ್ಲ. ದುಡಿಮೆಗಾಗಿ ನಡೆದರೆ ಮೈಗೆ ಒಳ್ಳೆಯದು, ಗೆಲುವಿಗಾಗಿ ನಡೆದರೆ ಕೇಡು ಎಂಬ ಈ ಶಾಸ್ತ್ರವನ್ನು ಯಾರು ಬರೆದರೋ!

ಹಿತೊಮಿ ಸುಮ್ಮನೆ ಕೂರಲಿಲ್ಲ. 1930ರಲ್ಲಿ ಪ್ರಾಗ್ ನಗರದ ಮಹಿಳಾ ಕೂಟಕ್ಕೆ ತನ್ನೊಂದಿಗೆ ಕಿರಿಯ ಹುಡುಗಿಯರನ್ನೂ ಕರೆದೊಯ್ದಳು. ಅವರ ಪ್ರಯಾಣಕ್ಕೆ ಹಣ ಕೂಡಿಸಿದ್ದೂ ಅವಳೇ. ದಣಿವು ಕಾಯಿಲೆಯಾಯಿತು. ಬೆಳ್ಳಿ ಗೆದ್ದ ದಿನಕ್ಕೆ ಸರಿಯಾಗಿ ಮೂರು ವರ್ಷವಾದ 1931ರ ಆಗಸ್ಟ್ 2ರಂದು ತೀರಿಕೊಂಡಳು. ಆಗ ಅವಳಿಗೆ ವಯಸ್ಸು 24.

ಗಿರಣಿಯ ಹುಡುಗಿಯರು

ಹಿತೊಮಿಯ ನಂತರ ಜಪಾನಿನ ಹೆಣ್ಣಿಗೆ ಆಟದ ಬಯಲು ತೆರೆದುಕೊಟ್ಟದ್ದು ಅರಮನೆಯೂ ಅಲ್ಲ, ವಿಶ್ವವಿದ್ಯಾಲಯವೂ ಅಲ್ಲ, ಕಾರಖಾನೆ. 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ವಾಲಿಬಾಲ್ ಚಿನ್ನ ಗೆದ್ದ ಜಪಾನಿನ ಮಹಿಳಾ ತಂಡದ ಬಹುಪಾಲು ಆಟಗಾರ್ತಿಯರು ಒಸಾಕಾ ಬಳಿಯ ಕೈಝುಕಾದಲ್ಲಿದ್ದ ನಿಚಿಬೋ ನೂಲಿನ ಗಿರಣಿಯ ನೌಕರರು. ಹಗಲು ಗಿರಣಿಯ ಕೆಲಸ, ಸಂಜೆಯಿಂದ ಮಧ್ಯರಾತ್ರಿಯವರೆಗೆ ತರಬೇತಿ. ಅವರ ತರಬೇತುದಾರ ಹಿರೊಬುಮಿ ದೈಮಾತ್ಸುವಿನ ಕ್ರೌರ್ಯದ ಬಗ್ಗೆ ಆಗಲೂ ಟೀಕೆಗಳಿದ್ದವು, ಇಂದಿಗೂ ಇವೆ. ಗಿರಣಿ ಧರ್ಮಕ್ಕಾಗಿ ಆಟ ಆಡಿಸಲಿಲ್ಲ, ಹೆಸರಿಗಾಗಿ ಆಡಿಸಿತು ಎಂಬುದೂ ನಿಜ. ಆದರೂ ಒಂದು ಮಾತನ್ನು ಒಪ್ಪಬೇಕು. ಆ ಹುಡುಗಿಯರಿಗೆ ತಿಂಗಳ ಸಂಬಳವಿತ್ತು, ಇರಲು ಜಾಗವಿತ್ತು, ಆಡಲು ಅಂಗಳವಿತ್ತು. ಆಟ ಎಂಬುದು ಮದುವೆಗೆ ಮುಂಚಿನ ಹುಡುಗಾಟವಾಗದೆ ದುಡಿಮೆಯ ಒಂದು ಭಾಗವಾಯಿತು.

ಕಂಪನಿಗಳು ಆಟಗಾರರನ್ನು ನೌಕರರನ್ನಾಗಿ ಇಟ್ಟುಕೊಳ್ಳುವ ಈ ಪದ್ಧತಿ ಜಪಾನಿನಲ್ಲಿ ಬೇರು ಬಿಟ್ಟಿತು. ದೂರದ ಓಟದ ಹೆಣ್ಣುಮಕ್ಕಳು ಬೆಳೆದದ್ದು ಇದರ ನೆರಳಿನಲ್ಲಿ. 1992ರಲ್ಲಿ ಬಾರ್ಸಿಲೋನಾದಲ್ಲಿ ಯುಕೊ ಅರಿಮೊರಿ ಮ್ಯಾರಥಾನ್ ಬೆಳ್ಳಿ ಗೆದ್ದಳು. ಹಿತೊಮಿಯ ನಂತರ ಓಟದ ಕಣದಲ್ಲಿ ಜಪಾನಿನ ಹೆಣ್ಣಿಗೆ ಸಿಕ್ಕ ಮೊದಲ ಒಲಿಂಪಿಕ್ ಪದಕ ಅದು. ನಡುವೆ 64 ವರ್ಷ ಕಳೆದಿದ್ದವು. ಅರಿಮೊರಿಯೂ ಓಕಾಯಾಮಾದವಳೇ ಎಂಬುದು ಚರಿತ್ರೆಯ ಒಂದು ಚಂದದ ಹೊಂದಿಕೆ.

ಅದೇ ಬಾರ್ಸಿಲೋನಾದಲ್ಲಿ, ಅದೇ ವಾರದಲ್ಲಿ, ಇನ್ನೊಂದು ಬಾಗಿಲೂ ತೆರೆಯಿತು. ಮಹಿಳೆಯರ ನಡಿಗೆ ಮೊದಲ ಬಾರಿಗೆ ಒಲಿಂಪಿಕ್ಸಿಗೆ ಬಂತು. ದೂರ 10 ಕಿಲೋಮೀಟರ್. ಗೆದ್ದವಳು ಚೀನಾದ ಚೆನ್ ಯುವೆಲಿಂಗ್. ಗಂಡಸರ ನಡಿಗೆ ಬಂದ 84 ವರ್ಷಗಳ ನಂತರ ಹೆಣ್ಣಿಗೆ ಬೀದಿಗಿಳಿಯುವ ಅವಕಾಶ ಸಿಕ್ಕಿತು. ಏಷ್ಯನ್ ಕೂಟ ಮತ್ತು ವಿಶ್ವ ಚಾಂಪಿಯನ್‌ಷಿಪ್ಪು ಇದಕ್ಕಿಂತ ಸ್ವಲ್ಪ ಮುಂಚೆ, 1986 ಮತ್ತು 1987ರಲ್ಲಿ, ಈ ಹೆಜ್ಜೆ ಇಟ್ಟಿದ್ದವು. ಹೆಣ್ಣಿನ ದೂರ 20 ಕಿಲೋಮೀಟರಿಗೆ ಏರಿದ್ದು 2000ದ ಸಿಡ್ನಿಯಲ್ಲಿ.

50 ಕಿಲೋಮೀಟರಿನ ಕತೆ ಇನ್ನೂ ಕಹಿ. ಅದರಲ್ಲಿ ತಮಗೂ ಪಾಲು ಬೇಕೆಂದು ಹೆಣ್ಣುಮಕ್ಕಳು ಹೋರಾಡಿದರು. 2017ರ ಲಂಡನ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಅವಕಾಶ ಸಿಕ್ಕಿತು. ಪೋರ್ಚುಗಲ್ಲಿನ ಇನೆಸ್ ಹೆನ್ರಿಕೆಸ್ ವಿಶ್ವದಾಖಲೆಯೊಂದಿಗೆ ಗೆದ್ದಳು. ಆದರೆ ಒಲಿಂಪಿಕ್ಸಿನಲ್ಲಿ ಆ ದೂರ ಹೆಣ್ಣಿಗೆ ದಕ್ಕಲೇ ಇಲ್ಲ. 2021ರಲ್ಲಿ ನಡೆದ ಟೋಕಿಯೊ ಕೂಟದ ನಂತರ ಗಂಡಸರಿಗೂ ಅದನ್ನು ರದ್ದು ಮಾಡಿ ಸಮಾನತೆಯ ಲೆಕ್ಕ ಚುಕ್ತಾ ಮಾಡಿದರು. ತಂಗಿಗೂ ರೊಟ್ಟಿ ಕೊಡಿ ಎಂದರೆ ಅಣ್ಣನ ತಟ್ಟೆಯಿಂದಲೂ ಕಿತ್ತುಕೊಂಡ ಹಾಗೆ.

ಅಕ್ಕ ಹಾಕಿದ ದಾರಿ

ನಡಿಗೆಗೆ ಜಪಾನಿನಲ್ಲಿ ‘ಕ್ಯೋಹೋ’ ಎನ್ನುತ್ತಾರೆ. ಪೈಪೋಟಿಯ ನಡಿಗೆ ಎಂದು ಅರ್ಥ. ಈ ಆಟಕ್ಕೆ ಅಲ್ಲಿ ತನ್ನದೇ ಊರುಗಳಿವೆ. ಫೆಬ್ರುವರಿಯಲ್ಲಿ ಕೋಬೆ ನಗರದ ರೊಕ್ಕೊ ದ್ವೀಪದಲ್ಲಿ ರಾಷ್ಟ್ರೀಯ 20 ಕಿಲೋಮೀಟರ್ ಸ್ಪರ್ಧೆ ನಡೆಯುತ್ತಿತ್ತು. ಮಾರ್ಚಿಯಲ್ಲಿ ಇಶಿಕಾವಾ ಸೀಮೆಯ ನೋಮಿ ಎಂಬ ಸಣ್ಣ ಪಟ್ಟಣದಲ್ಲಿ ಏಷ್ಯಾದ ನಡಿಗೆಯವರೆಲ್ಲ ಸೇರುತ್ತಿದ್ದರು. ಅದೇ ಸೀಮೆಯ ವಾಜಿಮಾದಲ್ಲಿ ಏಪ್ರಿಲ್ ತಿಂಗಳಲ್ಲಿ ದೂರದ ನಡಿಗೆ ನಡೆಯುತ್ತಿತ್ತು. ನೋಮಿಯ ಹುಡುಗ ಯುಸುಕೆ ಸುಝುಕಿ 2015ರಲ್ಲಿ ತನ್ನೂರಿನ ಬೀದಿಯಲ್ಲೇ 20 ಕಿಲೋಮೀಟರಿನ ವಿಶ್ವದಾಖಲೆ ಮಾಡಿದ. ಅದು ಹತ್ತು ವರ್ಷ ಉಳಿಯಿತು. ಕೇರಳದ ಮಲಪ್ಪುರಂ ಜಿಲ್ಲೆಯ ಕೆ.ಟಿ. ಇರ್ಫಾನ್ 2019ರಲ್ಲಿ ನಾಲ್ಕನೆಯವನಾಗಿ ಬಂದು ಟೋಕಿಯೊ ಒಲಿಂಪಿಕ್ಸಿಗೆ ಅರ್ಹನಾದ ಮೊದಲ ಭಾರತೀಯ ಅಥ್ಲೀಟ್ ಆದದ್ದೂ ಇದೇ ನೋಮಿಯಲ್ಲಿ.

ಇಂಥ ಗಂಡಸರ ಸಾಲಿನ ಪಕ್ಕದಲ್ಲಿ ಹೆಣ್ಣುಮಕ್ಕಳ ಸಾಲನ್ನು ಕಟ್ಟಿದವಳು ಕುಮಿಕೊ ಒಕಾಡ. ಸೈತಾಮಾ ಸೀಮೆಯ ಅಗೆಯೋ ಊರಿನವಳು, 1991ರಲ್ಲಿ ಹುಟ್ಟಿದವಳು. ಹುಡುಗಿಯರ ಹೈಸ್ಕೂಲಿನಲ್ಲಿ ಓದುವಾಗಲೇ ನಡಿಗೆಗೆ ಬಂದಳು. 2010ರಲ್ಲಿ ಕೆನಡಾದ ಮಾಂಕ್ಟನ್ನಿನಲ್ಲಿ ನಡೆದ ಕಿರಿಯರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಕಂಚು ಗೆದ್ದಳು. ವಿಶ್ವವಿದ್ಯಾಲಯ ಮುಗಿಸಿದ ಮೇಲೆ ‘ಬಿಕ್ ಕ್ಯಾಮೆರಾ’ ಎಂಬ, ಟಿವಿ ಕ್ಯಾಮೆರಾ ಮಾರುವ ದೊಡ್ಡ ಅಂಗಡಿ ಸಮೂಹದ ನೌಕರಳಾದಳು. 2015ರಿಂದ 2020ರವರೆಗೆ ಸತತ ಆರು ಸಲ ರಾಷ್ಟ್ರೀಯ 20 ಕಿಲೋಮೀಟರ್ ಗೆದ್ದಳು. 2016ರ ರಿಯೊ ಒಲಿಂಪಿಕ್ಸಿನಲ್ಲಿ 16ನೆಯವಳು. 2019ರ ಜೂನಿನಲ್ಲಿ ಸ್ಪೇನಿನ ಲಾ ಕೊರುನ್ಯಾದಲ್ಲಿ 1 ಗಂಟೆ 27 ನಿಮಿಷ 41 ಸೆಕೆಂಡಿನಲ್ಲಿ ನಡೆದು, ಹತ್ತು ವರ್ಷದಿಂದ ನಿಂತಿದ್ದ ಮಸುಮಿ ಫುಚಿಸೆಯ ರಾಷ್ಟ್ರದಾಖಲೆ ಮುರಿದಳು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ದೋಹಾದಲ್ಲಿ ವಿಶ್ವ ಚಾಂಪಿಯನ್‌ಷಿಪ್ಪು. ಹಗಲಿನ ಬಿಸಿಲಿಗೆ ಹೆದರಿ ಮಧ್ಯರಾತ್ರಿ ನಡಿಗೆ ಇಟ್ಟಿದ್ದರು. ರಾತ್ರಿಯ ಧಗೆಯೂ ಕಡಿಮೆಯದಾಗಿರಲಿಲ್ಲ. ಆ ಧಗೆಯಲ್ಲಿ ಒಕಾಡ ಆರನೆಯವಳಾಗಿ ಬಂದಳು. ಅವಳ ಬೆನ್ನಿಗೇ ಏಳನೆಯವಳಾಗಿ ಬಂದ ಇಪ್ಪತ್ತರ ಹುಡುಗಿಯೇ ನನಾಕೊ ಫುಜೀ. ಫುಕುವೊಕಾ ಸೀಮೆಯವಳು, 1999ರಲ್ಲಿ ಹುಟ್ಟಿದವಳು, ಕಿತಾಕ್ಯೂಷುವಿನ ನಗರಪಾಲಿಕೆ ಹೈಸ್ಕೂಲಿನಲ್ಲಿ ಓದಿದವಳು. ಕೆಲಸಕ್ಕೆ ಸೇರಿದ್ದು ‘ಎಡಿಯೋನ್’ ಎಂಬ, ಅದೇ ಬಗೆಯ ಮತ್ತೊಂದು ಅಂಗಡಿ ಸಮೂಹದಲ್ಲಿ. ಅಂದು ಒಂದೇ ದೇಶದ ಇಬ್ಬರು ಹೆಣ್ಣುಮಕ್ಕಳು ಮೊದಲ ಎಂಟರೊಳಗೆ ಬಂದದ್ದು ಒಬ್ಬಳ ಪ್ರತಿಭೆಯ ಫಲವಲ್ಲ, ಒಂದು ವ್ಯವಸ್ಥೆಯ ಫಲ.

ಫುಜೀಯ ದಾರಿಯೂ ನೇರವಾಗಿ ಏರಲಿಲ್ಲ. 2021ರ ಒಲಿಂಪಿಕ್ಸಿನಲ್ಲಿ 13ನೆಯವಳು. 2022ರಲ್ಲಿ ಅಮೆರಿಕದ ಆರೆಗನ್ನಿನ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಆರನೆಯವಳು. ಆಮೇಲಿನ ಎರಡು ವರ್ಷ ಆ ಎತ್ತರ ದಕ್ಕಲಿಲ್ಲ. 2025ರ ಫೆಬ್ರುವರಿಯಲ್ಲಿ ಕೋಬೆಯಲ್ಲಿ ಒಕಾಡಳ ದಾಖಲೆಯನ್ನು ಒಂದು ನಿಮಿಷಕ್ಕೂ ಹೆಚ್ಚು ಅಂತರದಿಂದ ಮುರಿದಳು. ಸೆಪ್ಟೆಂಬರಿನಲ್ಲಿ ಟೋಕಿಯೊದ ಕಂಚು. ಒಕಾಡ ತನ್ನ ಮೂವತ್ತೆರಡನೆಯ ವಯಸ್ಸಿನಲ್ಲಿ, 2024ರ ಪ್ಯಾರಿಸ್ಸಿನಲ್ಲಿ, ಗಂಡು ಹೆಣ್ಣು ಜೋಡಿಯಾಗಿ ನಡೆಯುವ ಹೊಸ ರಿಲೇಯಲ್ಲಿ ಮಸತೊರಾ ಕವಾನೊ ಜೊತೆ ಎಂಟನೆಯ ಸ್ಥಾನ ಪಡೆದಳು. ಅವಳಿಗೆ ವಿಶ್ವ ಚಾಂಪಿಯನ್‌ಷಿಪ್ಪಿನ ಪದಕ ಸಿಗಲಿಲ್ಲ. ಆದರೆ ಫುಜೀಯ ಪದಕದ ಕೆಳಗೆ ಅವಳ ಹೆಜ್ಜೆ ಗುರುತುಗಳಿವೆ.

ಸಪ್ಪೊರೊದ ಬೀದಿಯಲ್ಲಿ ನಮ್ಮವರು

ಈ ಕತೆಯಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳೂ ಇದ್ದಾರೆ, ಬಹಳ ದೂರದಲ್ಲೇನೂ ಇಲ್ಲ. 2014ರ ಇಂಚನ್ ಏಷ್ಯನ್ ಕೂಟದಲ್ಲಿ 20 ಕಿಲೋಮೀಟರ್ ನಡಿಗೆಯ ಬೆಳ್ಳಿ ಗೆದ್ದವಳು ಅಮೃತಸರ ಬಳಿಯ ರಸೂಲ್‌ಪುರ ಕಲಾಂ ಹಳ್ಳಿಯ ಖುಷ್‌ಬೀರ್ ಕೌರ್. ತಂದೆಯನ್ನು ಬಾಲ್ಯದಲ್ಲೇ ಕಳೆದುಕೊಂಡವಳು. ತಾಯಿ ಬಟ್ಟೆ ಹೊಲಿದು, ಹಾಲು ಮಾರಿ ಮಕ್ಕಳನ್ನು ಸಾಕಿದಳು. ನಾಲ್ಕು ವರ್ಷದ ನಂತರ ಜಕಾರ್ತಾ ಏಷ್ಯನ್ ಕೂಟದಲ್ಲಿ ಕಂಚು ಒಕಾಡಳಿಗೆ, ನಾಲ್ಕನೆಯ ಸ್ಥಾನ ಖುಷ್‌ಬೀರಳಿಗೆ. ಇಬ್ಬರ ನಡುವೆ ಇದ್ದದ್ದು ಒಂದೂವರೆ ನಿಮಿಷವೂ ಅಲ್ಲ.

2021ರ ಆಗಸ್ಟ್ 6ರಂದು ಒಲಿಂಪಿಕ್ ನಡಿಗೆ ನಡೆದದ್ದು ಟೋಕಿಯೊದಲ್ಲಲ್ಲ, ಸೆಕೆಗೆ ಅಂಜಿ ಉತ್ತರದ ಸಪ್ಪೊರೊದಲ್ಲಿ. ಇಟಲಿಯ ಆಂಟೊನೆಲ್ಲಾ ಪಲ್ಮಿಸಾನೊ ಗೆದ್ದಳು. ಫುಜೀ 13, ಒಕಾಡ 15, ನಮ್ಮ ಪ್ರಿಯಾಂಕಾ ಗೋಸ್ವಾಮಿ 17. ಒಕಾಡ ಮತ್ತು ಪ್ರಿಯಾಂಕಾಳ ನಡುವೆ ಒಂದು ನಿಮಿಷದ ಅಂತರವೂ ಇರಲಿಲ್ಲ. ಸ್ಪರ್ಧೆಯ ಮೊದಲ ಭಾಗದಲ್ಲಿ ಸ್ವಲ್ಪ ಹೊತ್ತು ಎಲ್ಲರಿಗಿಂತ ಮುಂದೆ ನಡೆದವಳೂ ಪ್ರಿಯಾಂಕಾಳೇ. ಇನ್ನೊಬ್ಬಳು ಭಾವನಾ ಜಾಟ್ 32ನೆಯವಳಾದಳು.

ಕನ್ನಡಿಗರು ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಉತ್ತರಪ್ರದೇಶದ ಪ್ರಿಯಾಂಕಾ ಮತ್ತು ರಾಜಸ್ಥಾನದ ಭಾವನಾ ಆ ಸ್ಪರ್ಧೆಗೆ ತಯಾರಾದದ್ದು ನಮ್ಮ ಬೆಂಗಳೂರಿನಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ. ಇರ್ಫಾನ್ ಬೆವರು ಹರಿಸಿದ್ದೂ ಅಲ್ಲೇ. ದೇಶದ ನಡಿಗೆಯವರಿಗೆ ತರಬೇತಿಯ ಮನೆಯಾದದ್ದು ನಮ್ಮ ರಾಜಧಾನಿ. ಆದರೆ ಆ ಮನೆಯಿಂದ ಒಲಿಂಪಿಕ್ ನಡಿಗೆಗೆ ಹೋದವರ ಹೆಸರುಗಳಲ್ಲಿ ನಮ್ಮ ಬೀದಿಗಳ ಹುಡುಗಿಯರ ಹೆಸರು ಕಾಣುವುದಿಲ್ಲ. ದೀಪದ ಬುಡದಲ್ಲೇ ಕತ್ತಲು ಎಂದರೆ ಇದೇ ಇರಬೇಕು.

ಪ್ರಿಯಾಂಕಾಳ ತಂದೆ ಬಸ್ ಕಂಡಕ್ಟರಾಗಿದ್ದವರು, ಕೆಲಸ ಕಳೆದುಕೊಂಡವರು. ಮಗಳನ್ನು ಹಿಡಿದು ನಿಲ್ಲಿಸಿದ್ದು ರೈಲ್ವೆಯ ನೌಕರಿ. ಸಪ್ಪೊರೊದ ಸ್ಪರ್ಧೆಗೆ ಸರಿಯಾಗಿ ಒಂದು ವರ್ಷ ತುಂಬಿದ ದಿನ, 2022ರ ಆಗಸ್ಟ್ 6ರಂದು, ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ 10 ಕಿಲೋಮೀಟರಿನ ಬೆಳ್ಳಿ ಗೆದ್ದಳು. ಭಾವನಾ ರಾಜಸಮಂದ ಜಿಲ್ಲೆಯ ಕಾಬ್ರಾ ಹಳ್ಳಿಯ ಬಡ ರೈತನ ಮಗಳು. ಚಡ್ಡಿ ತೊಟ್ಟು ನಡೆಯುವ ಹುಡುಗಿಯನ್ನು ಊರು ಆಡಿಕೊಳ್ಳುತ್ತದೆಂದು ಊರು ಏಳುವ ಮುಂಚೆ, ನಸುಕಿನ ಕತ್ತಲಲ್ಲಿ ಅಭ್ಯಾಸ ಮಾಡುತ್ತಿದ್ದವಳು. ಅವಳಿಗೂ ಆಸರೆಯಾದದ್ದು ರೈಲ್ವೆಯೇ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕೂಟದ ಜೋಡಿ ನಡಿಗೆಯಲ್ಲಿ ಮಂಜು ರಾಣಿ ಜೊತೆ ಕಂಚು ಗೆದ್ದ ರಾಮ್ ಬಾಬು, ಲಾಕ್‌ಡೌನ್ ಕಾಲದಲ್ಲಿ ನರೇಗಾ ಕೆಲಸಕ್ಕೆ ಹೋಗಿ ಮಣ್ಣು ಹೊತ್ತವನು. ನಮ್ಮ ನಡಿಗೆಯ ಚರಿತ್ರೆ ಬಡವರ ಚರಿತ್ರೆ. ಇದಕ್ಕೆ ರ್‍ಯಾಕೆಟ್ ಬೇಡ, ಕುದುರೆ ಬೇಡ, ಈಜುಕೊಳ ಬೇಡ. ಬೇಕಾದದ್ದು ಒಂದು ಜೊತೆ ಬೂಟು, ಎರಡು ಹೊತ್ತಿನ ಒಳ್ಳೆಯ ಊಟ, ಮತ್ತು ಒಂದು ದಾರಿ.

ನಗುವಿನ ದಂಡ

ಆ ದಾರಿಯೇ ದುಬಾರಿ. ಬೂಟು ಕೊಳ್ಳಬಹುದು, ದಾರಿಯಲ್ಲಿ ನಿಂತವರ ನಗುವಿನಿಂದ ಪಾರಾಗುವುದು ಹೇಗೆ? ‘ಏನ್ ಕುಣಕೋತ ಹೊಂಟಾಳ ನೋಡ’ ಎಂಬ ಒಂದು ಮಾತು ಸಾಕು, ಹದಿನಾಲ್ಕರ ಹುಡುಗಿ ಮರುದಿನ ಮನೆಯಿಂದ ಹೊರಗೆ ಬರುವುದಿಲ್ಲ. ಮಂಡಿ ಮಡಚಬಾರದೆಂಬ ನಿಯಮ ಬಲ್ಲವನಿಗೆ ಸೊಂಟದ ತಿರುವಿನಲ್ಲಿ ಶಿಸ್ತು ಕಾಣುತ್ತದೆ. ಅರಿಯದವನಿಗೆ ಬೇರೇನೋ ಕಾಣುತ್ತದೆ. ತಪ್ಪು ನೋಟದಲ್ಲಿದ್ದರೂ ದಂಡ ತೆರುವವಳು ಅವಳು.

ಜಪಾನು ಈ ವಿಷಯದಲ್ಲಿ ಸ್ವರ್ಗವೇನಲ್ಲ. ಪ್ಯಾರಿಸ್ ಒಲಿಂಪಿಕ್ಸಿಗೆ ಹೋಗಿದ್ದ ಅಯಾನೆ ಯಾನಾಯ್ ಎಂಬ ವಿದ್ಯಾರ್ಥಿನಿ, ಜೋಡಿ ನಡಿಗೆಗೆ ಶಕ್ತಿ ಉಳಿಸಿಕೊಳ್ಳಲು ಒಂಟಿ 20 ಕಿಲೋಮೀಟರಿನಿಂದ ಹಿಂದೆ ಸರಿದಾಗ ಅವಳ ಮೇಲೆ ಮೊಬೈಲುಗಳಲ್ಲಿ ಬೈಗುಳದ ಮಳೆಯೇ ಸುರಿಯಿತು. ತನಗಾದ ನೋವನ್ನು ಅವಳು ಬಹಿರಂಗವಾಗಿ ಹೇಳಿಕೊಳ್ಳಬೇಕಾಯಿತು. ಹಿತೊಮಿಯ ಕಾಲದ ಪತ್ರಿಕೆಗಳ ಬಾಯಿ ಈಗ ಪ್ರತಿಯೊಬ್ಬರ ಜೇಬಿನಲ್ಲಿದೆ. ಆದರೆ ಅಲ್ಲಿ ಹುಡುಗಿ ಒಬ್ಬಂಟಿಯಲ್ಲ. ಅವಳ ಹಿಂದೆ ಶಾಲೆಯಿದೆ, ತಂಡವಿದೆ, ಸಂಬಳ ಕೊಡುವ ಕಂಪನಿಯಿದೆ. ಸ್ಪರ್ಧೆಯ ದಿನ ಒಂದು ಬೀದಿಯನ್ನು ಮುಚ್ಚಿ ‘ಇದು ನಿನ್ನದು, ನಡೆ’ ಎನ್ನುವ ಊರಿದೆ. ನಗುವನ್ನು ಸಹಿಸುವ ಬಲ ಅಲ್ಲಿಂದ ಬರುತ್ತದೆ.

ನಮ್ಮ ಬೆಳಗಾವಿಯ ಹೆಣ್ಣುಮಕ್ಕಳಲ್ಲಿ ಕಸುವಿಗೆ ಕೊರತೆಯಿಲ್ಲ. ತುರಮುರಿಯಂಥ ಹಳ್ಳಿಯಿಂದ ಬಂದ ಮಲಪ್ರಭಾ ಜಾಧವ್ 2018ರ ಏಷ್ಯನ್ ಕೂಟದಲ್ಲಿ, ನಮ್ಮಲ್ಲಿ ಹೆಚ್ಚಿನವರು ಹೆಸರೂ ಕೇಳಿರದಿದ್ದ ಕುರಾಶ್ ಕುಸ್ತಿಯಲ್ಲಿ ಕಂಚು ತಂದಳು. ರಾಮದುರ್ಗ ತಾಲೂಕಿನ ಚಂದರಗಿಯಲ್ಲಿ ಕ್ರೀಡಾ ಶಾಲೆಯೊಂದು ಹಳ್ಳಿಯ ಮಕ್ಕಳನ್ನು ಆಟಕ್ಕೆ ತಯಾರು ಮಾಡಿದೆ. ಖಾನಾಪುರದ ಕಾಡಂಚಿನ ಹಳ್ಳಿಗಳ ಹುಡುಗಿಯರು ಬಸ್ಸಿಲ್ಲದ ಕಡೆ ಶಾಲೆಗೆ ಮೈಲಿಗಟ್ಟಲೆ ನಡೆಯುತ್ತಾರೆ. ಉದ್ಯಮಬಾಗದ ಪಾಳಿ ಶುರುವಾಗುವ ಹೊತ್ತಿಗೆ ಖಾನಾಪುರ ರಸ್ತೆಯಲ್ಲಿ ನಿಂತರೆ ಬುತ್ತಿಚೀಲ ಹಿಡಿದು ಬಿರಬಿರನೆ ಹೆಜ್ಜೆ ಹಾಕುವ ಹೆಂಗಸರು ಕಾಣುತ್ತಾರೆ. ಅವರಲ್ಲಿ ಬುರ್ಖಾದವರೂ ಇದ್ದಾರೆ, ಸೀರೆಯವರೂ ಇದ್ದಾರೆ, ಚೂಡಿದಾರದವರೂ ಇದ್ದಾರೆ. ಕನ್ನಡ, ಮರಾಠಿ, ಉರ್ದು, ಕೊಂಕಣಿ ಎಲ್ಲ ಆ ನಡಿಗೆಯಲ್ಲಿ ಜೊತೆಯಾಗಿ ಸಾಗುತ್ತವೆ. ಅವರನ್ನು ಯಾರೂ ನಡಿಗೆಯವರು ಎಂದು ಕರೆದಿಲ್ಲ, ಅಷ್ಟೇ.

ಜಪಾನಿನ ಕತೆಯಿಂದ ನಾವು ಕಲಿಯಬಹುದಾದದ್ದು ದೊಡ್ಡ ಕ್ರೀಡಾಂಗಣ ಕಟ್ಟುವುದನ್ನಲ್ಲ. ಅಂತರರಾಷ್ಟ್ರೀಯ ನಡಿಗೆಗಳೂ ಒಂದೆರಡು ಕಿಲೋಮೀಟರಿನ ಸಮತಟ್ಟಾದ ರಸ್ತೆಯಲ್ಲಿ ಸುತ್ತುಹಾಕಿ ಮುಗಿಯುತ್ತವೆ. ಅಷ್ಟು ರಸ್ತೆ ಉದ್ಯಮಬಾಗದೊಳಗೇ ಇದೆ. ಕಾರಖಾನೆಗಳ ರಜೆಯ ದಿನ ಬೆಳಗ್ಗೆ ಎರಡು ಗಂಟೆ ಅದನ್ನು ವಾಹನಗಳಿಗೆ ಮುಚ್ಚಿ, ಕನ್ನಡ ಶಾಲೆ, ಮರಾಠಿ ಶಾಲೆ, ಉರ್ದು ಶಾಲೆಯ ಹುಡುಗಿಯರಿಗೆ ಬಿಟ್ಟುಕೊಟ್ಟರೆ ಯಾರಿಗೂ ನಷ್ಟವಿಲ್ಲ. ಅಲ್ಲಿಯ ಕಾರಖಾನೆಗಳಲ್ಲಿ ಹತ್ತಕ್ಕೆ ಒಂದರಂತೆ ಒಬ್ಬೊಬ್ಬ ಹುಡುಗಿಗೆ ಅರ್ಧ ದಿನದ ಕೆಲಸ, ಪೂರ್ತಿ ಸಂಬಳ ಕೊಟ್ಟರೆ ನಿಚಿಬೋ ಗಿರಣಿ ಮಾಡಿದ್ದನ್ನು ಅದರ ಕ್ರೌರ್ಯವಿಲ್ಲದೆ ನಾವು ಮಾಡಿದಂತಾಗುತ್ತದೆ. ಮನೆಯ ಹಿರಿಯರೂ ಒಂದು ಮಾತು ಯೋಚಿಸಬೇಕು. ಸಂಬಳದ ಕೆಲಸಕ್ಕೆ ಮಗಳು ನಾಲ್ಕು ಮೈಲಿ ನಡೆದರೆ ಒಪ್ಪುವ ನಾವು, ಪದಕಕ್ಕಾಗಿ ನಾಲ್ಕು ಮೈಲಿ ನಡೆದರೆ ಏಕೆ ಮುಖ ತಿರುಗಿಸಬೇಕು?

2026ರಿಂದ ಈ ಆಟದ ದೂರಗಳು ಮತ್ತೆ ಬದಲಾಗಿವೆ. 20 ಕಿಲೋಮೀಟರಿನ ಜಾಗಕ್ಕೆ ಅರ್ಧ ಮ್ಯಾರಥಾನ್, 35ರ ಜಾಗಕ್ಕೆ ಪೂರ್ತಿ ಮ್ಯಾರಥಾನ್ ದೂರವನ್ನು ವಿಶ್ವ ಅಥ್ಲೆಟಿಕ್ಸ್ ಗೊತ್ತುಮಾಡಿದೆ. ಹೆಣ್ಣಿಗೆ 800 ಮೀಟರ್ ಹೆಚ್ಚಾಯಿತೆಂದು ಬೆದರಿದ ಲೋಕ ಈಗ ಅವಳ ಮುಂದೆ ಗಂಡಿನಷ್ಟೇ, 42 ಕಿಲೋಮೀಟರಿನ ದಾರಿ ಹಾಸಿದೆ. ಹಿತೊಮಿಯ ಬೆಳ್ಳಿಯಿಂದ ಫುಜೀಯ ಕಂಚಿನವರೆಗೆ 97 ವರ್ಷ. ಅಷ್ಟು ವರ್ಷ ಜಪಾನಿನ ಹೆಣ್ಣುಮಕ್ಕಳು ನಡತೆಯ ಮಾತಿಗೆ ಉತ್ತರ ಕೊಡುತ್ತ ನಿಲ್ಲಲಿಲ್ಲ, ನಡೆಯುತ್ತಲೇ ಹೋದರು. ನಮ್ಮ ಹುಡುಗಿಯರಿಗೂ ಕಾಲುಗಳಿವೆ. ದಾರಿ ಬಿಡಬೇಕಾದವರು ನಾವು.